ಟರ್ಬೊ ಹೋಯಿತೆನ್ನುವ ಮುನ್ನ

ಚಾರ್ಮಾಡಿ ಘಟ್ಟವನ್ನು ನಿನ್ನೆಯವರೆಗೂ ಅನಾಯಾಸವಾಗಿ ಏರುತ್ತಿದ್ದ ಹತ್ತು ಹದಿನೈದು ವರ್ಷದ ಡೀಸೆಲ್ ಗಾಡಿಯೊಂದು, ಇಂದು ಎರಡನೆಯ ಗೇರಿಗೆ ಇಳಿಸಿದರೂ ತೇಕುತ್ತ, ಆಕ್ಸಿಲರೇಟರನ್ನು ಪೂರ್ತಿ ತುಳಿದರೂ ಪಿಕಪ್ ತೋರದೆ, ಬೆನ್ನ ಹಿಂದೆ ಕರಿಹೊಗೆಯನ್ನು ಕಾರತೊಡಗಿದರೆ, ‘ಟರ್ಬೊ ಹೋಗಿದೆ’ ಎಂಬ ತೀರ್ಪು ಒಡನೆಯೇ ಹೊರಬೀಳುವುದು ವಾಡಿಕೆ. ಆದರೆ ಟರ್ಬೊ ನಿಜವಾಗಿಯೂ ಅಪರಾಧಿಯೋ, ಅನ್ಯ ಭಾಗದ ದೋಷಕ್ಕೆ ಬಲಿಯಾದುದೋ ಎಂಬುದನ್ನು ವಿಚಾರಿಸದೆ ಅಷ್ಟು ದುಬಾರಿಯಾದ ಭಾಗವನ್ನು ಬದಲಿಸುವುದು ಸರ್ವಥಾ ಸಲ್ಲದು.

ಎಂಜಿನ್ನಿನಿಂದ ವ್ಯರ್ಥವಾಗಿ ಹೊರಹೋಗುವ ಬಿಸಿಹೊಗೆಯ ರಭಸದಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಮತ್ತೊಂದು ತುದಿಯಲ್ಲಿರುವ ಚಕ್ರದಿಂದ ಹೊರಗಾಳಿಯನ್ನು ಒತ್ತಿ ಸಿಲಿಂಡರುಗಳಿಗೆ ತುಂಬುವ ಟರ್ಬೊ ಎಂಬ ಈ ಯುಕ್ತಿಗೆ ಸ್ವಿಟ್ಸರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ 1905ರಲ್ಲಿ ಪೇಟೆಂಟ್ ಪಡೆದನು. ಮುಂದೆ ಜರ್ಮನಿಯ ಎರಡು ಪ್ರಯಾಣಿಕ ಹಡಗುಗಳಲ್ಲಿ ಇದನ್ನು ಅಳವಡಿಸಿದಾಗ 1750 ಅಶ್ವಶಕ್ತಿಯ ಡೀಸೆಲ್ ಎಂಜಿನ್ನು 2500 ಅಶ್ವಶಕ್ತಿಯನ್ನು ನೀಡಿತು. ಹೆಚ್ಚು ಗಾಳಿ ಒದಗಿದರೆ ಹೆಚ್ಚು ಡೀಸೆಲನ್ನು ಉರಿಸಬಹುದೆಂಬುದೇ ಇದರ ತತ್ತ್ವವಾದ ಕಾರಣ, ಆ ಗಾಳಿ ಕುಂದಿದೊಡನೆ ಶಕ್ತಿಯೂ ಕುಂದಿ, ಅರೆಬೆಂದ ಡೀಸೆಲ್ ಮಸಿಯಾಗಿ ಹೊರಬರುತ್ತದೆ.

ಆದುದರಿಂದ ಪರೀಕ್ಷೆಯು ಹೊಗೆಯಿಂದಲೇ ಆರಂಭವಾಗತಕ್ಕದ್ದು. ಕಪ್ಪು ಹೊಗೆ ಗಾಳಿಯ ಕೊರತೆಯನ್ನು ಸೂಚಿಸಿದರೆ, ನೀಲಿ ಹೊಗೆ ಎಂಜಿನ್ ಆಯಿಲ್ ಉರಿಯುತ್ತಿರುವುದನ್ನು ಸಾರುತ್ತದೆ. ಹೊಗೆಯೇ ಇಲ್ಲದೆ ಎಳೆತ ಮಾತ್ರ ತಗ್ಗಿದ್ದರೆ ಡೀಸೆಲ್ ಫಿಲ್ಟರು ಕಟ್ಟಿರಬಹುದು, ಇಲ್ಲವೆ ಗಾಡಿಯ ಕಂಪ್ಯೂಟರು ಯಾವುದೋ ದೋಷವನ್ನು ಕಂಡು ತಾನಾಗಿಯೇ ಇಂಧನವನ್ನು ಮಿತಗೊಳಿಸಿರಬಹುದು.

ಅನಂತರ ನೋಡಬೇಕಾದುದು ಏರ್ ಫಿಲ್ಟರನ್ನು. ಅದರ ಬಳಿಕ, ಟರ್ಬೊದಿಂದ ಗಾಳಿಯನ್ನು ತಣಿಸುವ ಇಂಟರ್‌ಕೂಲರಿಗೂ ಅಲ್ಲಿಂದ ಎಂಜಿನ್ನಿಗೂ ಸಾಗುವ ರಬ್ಬರಿನ ಹೋಸುಗಳನ್ನು. ವರ್ಷಾನುಗಟ್ಟಲೆ ಬಿಸಿಯನ್ನೂ ಆಯಿಲನ್ನೂ ಉಂಡು ಮೆತ್ತಗಾದ ಹೋಸಿನ ಬಿರುಕು, ಎಂಜಿನ್ನು ಐಡಲ್‌ನಲ್ಲಿರುವಾಗ ಮುಚ್ಚಿಕೊಂಡಿದ್ದು, ಏರಿನಲ್ಲಿ ಒತ್ತಡ ಹೆಚ್ಚಿದಾಗ ಮಾತ್ರ ಬಾಯ್ದೆರೆಯುವುದರಿಂದ, ನಿಂತ ಗಾಡಿಯಲ್ಲಿ ಕಣ್ಣಿಗೆ ಬೀಳುವುದು ದುರ್ಲಭ. ಎಂಜಿನ್ನು ತಣಿದ ಮೇಲೆ ಹೋಸಿನ ಅಡಿಭಾಗಕ್ಕೆ ಕೈಯಾಡಿಸಿದರೆ, ಆಯಿಲ್ ಜಿನುಗಿ ಧೂಳು ಮೆತ್ತಿಕೊಂಡ ಒಂದು ಕರಿಗೆರೆ ಬೆರಳಿಗೆ ತಗುಲುತ್ತದೆ. ಬಿರುಕು ಬಹುಶಃ ಅಲ್ಲಿಯೇ ಉಂಟು. ಪಂಕ್ಚರಾದ ಟ್ಯೂಬಿಗೆ ಎಷ್ಟು ಪಂಪು ಹೊಡೆದರೂ ವ್ಯರ್ಥವಾಗುವಂತೆ, ಇಂಥ ಹೋಸಿದ್ದರೆ ಹೊಸ ಟರ್ಬೊ ಕೂಡ ನಿಷ್ಫಲವೇ.

ಹೋಸುಗಳು ನಿರ್ದುಷ್ಟವಾಗಿದ್ದರೆ ಟರ್ಬೊ ಒಳಗಿನ ಎಲೆಗಳನ್ನು ಹೊರಳಿಸಿ ಗಾಳಿಯ ಒತ್ತಡವನ್ನು ಹದಗೊಳಿಸುವ, ವ್ಯಾಕ್ಯೂಮಿನಿಂದ ನಡೆಯುವ ಆಕ್ಟುಯೇಟರನ್ನು ಪರಿಶೀಲಿಸಬೇಕು. ಕೈಪಂಪಿನಿಂದ ಗಾಳಿಯನ್ನು ಹೀರಿದಾಗ ಅದರ ಕಡ್ಡಿ ನಯವಾಗಿ ಸರಿದು ಅಲ್ಲಿಯೇ ನಿಲ್ಲಬೇಕು. ಸರಿದ ಕಡ್ಡಿ ಮೆಲ್ಲನೆ ಹಿಂದಿರುಗಿದರೆ ಒಳಗಿನ ಪೊರೆ ಹರಿದಿದೆಯೆಂದೂ, ಪೊರೆ ಸರಿಯಿದ್ದೂ ಕಡ್ಡಿ ಅಲುಗದಿದ್ದರೆ ಆ ಎಲೆಗಳು ಮಸಿಯಿಂದ ಬಿಗಿದಿವೆಯೆಂದೂ ಶಂಕಿಸಬಹುದು. ಸದಾ ಪೇಟೆಯೊಳಗೆ ನಿಧಾನವಾಗಿ ಓಡುವ ಗಾಡಿಗಳಿಗೆ ಈ ಎರಡನೆಯ ವ್ಯಾಧಿ ವಿಶೇಷ.

ಇಷ್ಟೂ ಆದ ಮೇಲೆ, ಎಂಜಿನ್ನು ನಿಂತಿರುವಾಗ, ಗಾಳಿ ಒಳಬರುವ ಪೈಪನ್ನು ಬಿಚ್ಚಿ ಚಕ್ರವನ್ನು ಬೆರಳಿನಿಂದ ಅಲುಗಿಸಿ ನೋಡುವುದು. ಪಕ್ಕಕ್ಕೆ ತುಸು ಆಟವಿರುವುದು ಸಹಜ. ರೆಕ್ಕೆಗಳು ಗೋಡೆಗೆ ಉಜ್ಜಿದ್ದರೆ, ಅಥವಾ ದಂಡ ಹಿಂದಕ್ಕೂ ಮುಂದಕ್ಕೂ ಎದ್ದು ಕಾಣುವಷ್ಟು ಜಗ್ಗಿದರೆ, ಆಗ ಟರ್ಬೊ ಕೆಟ್ಟಿದೆಯೆನ್ನಲು ಅಡ್ಡಿಯಿಲ್ಲ. ರೆಕ್ಕೆ ಮುರಿದಿದ್ದರಂತೂ ಎಂಜಿನ್ನನ್ನು ಚಾಲೂ ಮಾಡಲೇಬಾರದು.

ಆಗಲೂ ವಿಚಾರಣೆ ಮುಗಿಯದು. ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ಸುತ್ತಬಲ್ಲ ಆ ದಂಡವು ಆಯಿಲಿನ ತೆಳುಪದರದ ಮೇಲೆಯೇ ತೇಲುತ್ತಿರುವುದರಿಂದ, ಕಾಲಕಾಲಕ್ಕೆ ಆಯಿಲ್ ಬದಲಿಸದಿರುವುದೂ, ಆಯಿಲ್ ಪೈಪಿನಲ್ಲಿ ಕಿಟ್ಟ ಕಟ್ಟುವುದೂ, ಘಟ್ಟವೇರಿ ಬಂದೊಡನೆ ಎಂಜಿನ್ನನ್ನು ಆರಿಸುವುದೂ ಅದಕ್ಕೆ ಮಾರಕ. ಆ ಕಾರಣವನ್ನು ತೊಡೆಯದೆ ಕೂರಿಸಿದ ಹೊಸ ಟರ್ಬೊ ಹಳೆಯದರ ಹಾದಿಯನ್ನೇ ಹಿಡಿಯುವುದರಿಂದ, ‘ಟರ್ಬೊ ಹೋಗಿದೆ’ ಎಂದ ಮೆಕ್ಯಾನಿಕರನ್ನು ‘ಏತರಿಂದ ಹೋಯಿತು?’ ಎಂದು ಕೇಳಿ, ಉತ್ತರ ದೊರೆತ ಮೇಲೆಯೇ ಹಣ ಕೊಡಲು ಒಪ್ಪುವುದು ವಿವೇಕ.