ಅಪ್ಪನ ಬಿಪಿ ನೋಡಿಸಲು 700 ಕಿಲೋಮೀಟರ್ ಬೇಕೇ?



ಈ ಸಲ ಪಥ್ಯ, ಮಾತ್ರೆಗಳ ಮಾತು ಬೇಡ. ಆಸ್ಪತ್ರೆಗೆ ಬಂದು ಹೋಗುವ ದಾರಿಯ ಬಗ್ಗೆ ಮಾತಾಡೋಣ.

ಪುಣೆಯಲ್ಲಿ ನನ್ನ ಬಳಿ ಬರುವ ಎಷ್ಟೋ ಕನ್ನಡ ಮನೆಗಳ ಕತೆ ಒಂದೇ. ಮಕ್ಕಳು ಇಲ್ಲಿ, ಅಪ್ಪ-ಅಮ್ಮ ಊರಲ್ಲಿ. ಅಪ್ಪನಿಗೆ ಸ್ಟೆಂಟ್ ಹಾಕಿಸಿದ್ದು ಇಲ್ಲಿ, ಹಾಗಾಗಿ ಮೂರು ತಿಂಗಳಿಗೊಮ್ಮೆ ತೋರಿಸುವುದೂ ಇಲ್ಲೇ. ವಿಜಯಪುರದಿಂದ ಪುಣೆಗೆ ಸುಮಾರು 350 ಕಿ.ಮೀ. ಹೋಗಿ ಬರಲು 700. ಬಾಡಿಗೆ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೂ 47 ಲೀಟರ್ ಪೆಟ್ರೋಲ್ ಬೇಕು. ಒಂದು ಲೀಟರ್ ಉರಿದರೆ ಸುಮಾರು 2.3 ಕಿಲೋ ಕಾರ್ಬನ್ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಒಂದು ಭೇಟಿಗೆ ನೂರು ಕಿಲೋ ದಾಟಿತು, ವರ್ಷಕ್ಕೆ ನಾಲ್ಕು ಕ್ವಿಂಟಲ್! ಇಷ್ಟೆಲ್ಲ ಮಾಡಿ ಅವರು ನನ್ನೆದುರು ಕೂರುವುದು ಹತ್ತು ನಿಮಿಷ. ಬಿಪಿ ನೋಡುತ್ತೇನೆ, ರಿಪೋರ್ಟ್ ಓದುತ್ತೇನೆ, "ಅದೇ ಮಾತ್ರೆ ಮುಂದುವರಿಸಿ" ಅನ್ನುತ್ತೇನೆ.

ಹೃದಯದ ಡಾಕ್ಟರಿಗೆ ಹೊಗೆಯ ಉಸಾಬರಿ ಯಾಕೆ ಅಂದೀರಿ. ವಾಹನದ ಹೊಗೆಯಲ್ಲಿ ಪಿಎಂ 2.5 ಎಂಬ, ತಲೆಗೂದಲಿಗಿಂತ ಎಷ್ಟೋ ಪಟ್ಟು ಸಣ್ಣ ಕಣಗಳಿವೆ. ಅವು ಶ್ವಾಸಕೋಶದ ಆಳಕ್ಕೆ ಇಳಿದು ರಕ್ತನಾಳಗಳಲ್ಲಿ ಉರಿಯೂತ ಹೆಚ್ಚಿಸುತ್ತವೆ. ಇಂಥ ಗಾಳಿಯಲ್ಲಿ ಹಾರ್ಟ್ ಅಟ್ಯಾಕ್, ಪಾರ್ಶ್ವವಾಯು ಎರಡರ ಅಪಾಯವೂ ಏರುತ್ತದೆ. ಅಂದರೆ ಹೃದಯ ತೋರಿಸಲು ಬರುವ ದಾರಿಯಲ್ಲೇ ಯಾರದೋ ಹೃದಯಕ್ಕೆ ಹೊಗೆ ಬಿಟ್ಟು ಬರುತ್ತೇವೆ.

ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ. 4ರಿಂದ 5ರಷ್ಟು ಆರೋಗ್ಯ ಕ್ಷೇತ್ರದ್ದೇ. ಅದರಲ್ಲಿ ದೊಡ್ಡ ಪಾಲು ಆಸ್ಪತ್ರೆಯ ಕರೆಂಟು, ಔಷಧಿ ಮತ್ತು ಉಪಕರಣಗಳ ತಯಾರಿಕೆಯದು. ಅದು ನಿಮ್ಮ ಕೈಯಲ್ಲಿಲ್ಲ. ಪ್ರಯಾಣ ಮಾತ್ರ ನಿಮ್ಮ ಕೈಯಲ್ಲಿದೆ.

ಇದು ಹೊಸ ವಿಚಾರವೂ ಅಲ್ಲ. 2002ರಲ್ಲೇ ಇಸ್ರೋ ಉಪಗ್ರಹದ ಮೂಲಕ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯನ್ನೂ ಸರಗೂರಿನ ವಿವೇಕಾನಂದ ಆಸ್ಪತ್ರೆಯನ್ನೂ ಬೆಂಗಳೂರಿನ ನಾರಾಯಣ ಹೃದಯಾಲಯಕ್ಕೆ ಜೋಡಿಸಲಾಗಿತ್ತು. 2020ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಟೆಲಿಮೆಡಿಸಿನ್ ನಿಯಮಗಳನ್ನು ಹೊರಡಿಸಿತು. ಸರ್ಕಾರದ ಇ-ಸಂಜೀವನಿಯಲ್ಲಿ ಸಲಹೆ ಉಚಿತ.

ಮಾಡುವುದು ಹೇಗೆ? ತೋಳಿಗೆ ಕಟ್ಟುವ ಬಿಪಿ ಮಷಿನ್ ಒಂದಿರಲಿ. ಕರೆಗೆ ಮೊದಲಿನ ಏಳು ದಿನ, ಬೆಳಿಗ್ಗೆ ಮತ್ತು ಸಂಜೆ, ಐದು ನಿಮಿಷ ಸುಮ್ಮನೆ ಕೂತು ನೋಡಿ ಬರೆದಿಡಲಿ. ನನ್ನ ಕೋಣೆಯಲ್ಲಿ ಗಾಬರಿಯಿಂದ ಬರುವ ಒಂದು ಅಂಕಿಗಿಂತ ನನಗೆ ಆ ಪಟ್ಟಿಯೇ ಹೆಚ್ಚು ಉಪಯೋಗ. ಕ್ರಿಯಾಟಿನಿನ್, ಪೊಟ್ಯಾಸಿಯಂ, ಇಸಿಜಿ ಊರಿನಲ್ಲೇ ಆಗುತ್ತವೆ. ಫೋಟೋ ನೇರವಾಗಿ, ನೆರಳು ಬೀಳದಂತೆ ತೆಗೆದು ಕಳಿಸಿ. ಕರೆಯ ಹೊತ್ತಿಗೆ ಮಾತ್ರೆಯ ಡಬ್ಬಿ ಎದುರಿಗಿರಲಿ. ಹೀಗೆ ಡಬ್ಬಿ ತೋರಿಸಿದ ಒಬ್ಬ ತಾಯಿ ಒಂದೇ ಬಿಪಿ ಮಾತ್ರೆಯನ್ನು ಎರಡು ಕಂಪನಿಯ ಹೆಸರಲ್ಲಿ ದಿನಕ್ಕೆರಡು ನುಂಗುತ್ತಿದ್ದರು. ಆಸ್ಪತ್ರೆಗೆ ಬಂದಾಗಲೆಲ್ಲ ಡಬ್ಬಿ ಮನೆಯಲ್ಲೇ ಉಳಿಯುತ್ತಿತ್ತು! ಇನ್ನೊಂದು ಮಾತು: ಇಲ್ಲಿ ಮಗ ಮಾತಾಡುತ್ತಾನೆ, ಅಮ್ಮ ತಲೆಯಾಡಿಸುತ್ತಾರೆ. ಮನೆಯ ಪಡಸಾಲೆಯಲ್ಲಿ ಕೂತರೆ ಅಮ್ಮನೇ ಬಾಯಿ ಬಿಡುತ್ತಾರೆ.

ಉಳಿತಾಯ ಎಲ್ಲರಿಗೂ ಒಂದೇ ಅಲ್ಲ. ರೈಲು ಅಥವಾ ಬಸ್ಸಿನಲ್ಲಿ ಬರುವವರದು ಕಡಿಮೆ, ಓಣಿಯ ಡಾಕ್ಟರ ಬಳಿ ನಡೆದು ಹೋಗುವವರದು ಏನೂ ಇಲ್ಲ. ವಿಡಿಯೋದಲ್ಲಿ ಸ್ಟೆತೊಸ್ಕೋಪ್ ಇಡಲಾಗದು, ಎಕೋ ಮಾಡಲಾಗದು. ಮೊದಲ ಭೇಟಿ ಮುಖಾಮುಖಿಯೇ ಆಗಲಿ. ಆಮೇಲೂ ವರ್ಷಕ್ಕೊಮ್ಮೆಯಾದರೂ ಬನ್ನಿ, ದೀಪಾವಳಿಗೆ ಮೊಮ್ಮಕ್ಕಳನ್ನು ನೋಡಲು ಬಂದಾಗ ತೋರಿಸಿದರೆ ಒಂದೇ ಪ್ರಯಾಣ. ಹಾರ್ಟ್ ಫೇಲ್ಯೂರ್ ಇದ್ದವರ ತೂಕ ಮೂರು ದಿನದಲ್ಲಿ 2 ಕಿಲೋ ಏರಿದರೆ ಅಥವಾ ಕಾಲು ಊದಿದರೆ ಮುಂದಿನ ಕರೆಯವರೆಗೆ ಕಾಯಬಾರದು, ಅಂದೇ ಡಾಕ್ಟರಿಗೆ ತಿಳಿಸಿ.

ಎದೆ ಹಿಂಡಿದಂತೆ ನೋವು, ತಣ್ಣನೆ ಬೆವರು, ಉಸಿರುಗಟ್ಟುವಿಕೆ, ಪ್ರಜ್ಞೆ ತಪ್ಪುವುದು, ಬಾಯಿ ಸೊಟ್ಟಗಾಗುವುದು ಕಂಡರೆ ವಿಡಿಯೋ ಕರೆ ಬೇಡ. ಪುಣೆಗೆ ಗಾಡಿ ಕಟ್ಟಿಸುವುದೂ ಬೇಡ. 108ಕ್ಕೆ ಫೋನ್ ಮಾಡಿ, ಊರಿಗೆ ಹತ್ತಿರದ ತುರ್ತು ಚಿಕಿತ್ಸೆಯ ಆಸ್ಪತ್ರೆಗೆ ಸೇರಿಸಿ. ಅದು ಯಾವುದು ಎಂದು ಇವತ್ತೇ ಅಪ್ಪನನ್ನು ಕೇಳಿ, ಅದರ ನಂಬರ್ ನಿಮ್ಮ ಫೋನಿನಲ್ಲೂ ಪಕ್ಕದ ಮನೆಯವರ ಫೋನಿನಲ್ಲೂ ಇರಲಿ.