ಕಲ್ಲಿಗೊಬ್ಬ ಗೊರವ

ಹೈದರಾಬಾದಿನ ಗಚ್ಚಿಬೌಲಿ ಎಂದರೆ ಕನ್ನಡದ ಕಿವಿಗೆ ಮೊದಲು ಕೇಳಿಸುವುದು ಗಚ್ಚು, ಆಮೇಲೊಂದು ಬಾವಿ. ಇವತ್ತು ಅಲ್ಲಿ ಕಣ್ಣಿಗೆ ಬೀಳುವುದು ಮಾತ್ರ ಗಾಜು. ಆ ಗಾಜಿನ ಕಟ್ಟಡಗಳಿಂದ ಪೂರ್ವಕ್ಕೆ ಕೆಲವೇ ಕಿಲೋಮೀಟರ್ ಹೋದರೆ ಗೋಲ್ಕೊಂಡಾ ಕೋಟೆ. 1687ರಲ್ಲಿ ಔರಂಗಜೇಬನ ಸೈನ್ಯ ಸುಮಾರು ಎಂಟು ತಿಂಗಳು ಅದನ್ನು ಮುತ್ತಿ ಕೂತಿತ್ತು. ಸೆಪ್ಟೆಂಬರಿನಲ್ಲಿ ಒಳಗಿನವರೇ ಬಾಗಿಲು ತೆರೆದ ಮೇಲಷ್ಟೇ ಕೋಟೆ ಬಿತ್ತು. ಗುಂಡಿಗೋ ಹಸಿವಿಗೋ ರೋಗಕ್ಕೋ ಸಿಕ್ಕಿ ಎರಡೂ ಕಡೆ ಸತ್ತವರು ಈ ಬಂಡೆಗಾಡಿನ ಆಸುಪಾಸಿನಲ್ಲೇ ಮಣ್ಣಾದರು. ಅವರಲ್ಲಿ ಗುರುತು ಸಿಗುವ ಗೋರಿಯೊಂದು ಕಿಸ್ಮತ್‌ಪುರದ್ದು. ಫಿರಂಗಿ ಗುಂಡಿಗೆ ತೋಳು ಕಳೆದುಕೊಂಡು ಸತ್ತ ಮೊಗಲ್ ಸರದಾರ ಖ್ವಾಜಾ ಆಬಿದ್ ಕಿಲಿಚ್ ಖಾನ್ ಅಲ್ಲಿದ್ದಾನೆ. ಅವನ ಮೊಮ್ಮಗನೇ 1724ರಲ್ಲಿ ಹೈದರಾಬಾದಿನ ಮೊದಲ ನಿಜಾಮನಾದವನು. ವಂಶ ಆಳಿತು, ಅಜ್ಜನ ಗೋರಿ ಉಳಿಯಿತು. ಅದೇ ಮುತ್ತಿಗೆಯಲ್ಲಿ ಸತ್ತ ಸಿಪಾಯಿಯನ್ನು ನೆನೆಯಲು ಅಂಥ ಮೊಮ್ಮಗ ಇರಲಿಲ್ಲ. ಹಾಗೆ ಯಾರೂ ಇಲ್ಲದವನ ಪರವಾಗಿ ಆ ಕೆಲಸ ಮಾಡಬೇಕಾದದ್ದು ಸರ್ಕಾರ. ನಮ್ಮಲ್ಲಿ ಸರ್ಕಾರ ಅದಕ್ಕಾಗಿ ಕಾನೂನು ಮಾಡಿದೆ, ಆಳನ್ನು ನೇಮಿಸಿಲ್ಲ.

ಕಾನೂನೇನೂ ಕಡಿಮೆಯಿಲ್ಲ. 1958ರ ಪ್ರಾಚೀನ ಸ್ಮಾರಕಗಳ ಕೇಂದ್ರ ಕಾಯ್ದೆ ತನ್ನ ವ್ಯಾಖ್ಯೆಯೊಳಗೇ ಹೂಳಿದ ಜಾಗಗಳನ್ನೂ ಸೇರಿಸಿಕೊಂಡಿದೆ. ಆದರೆ ಅದು ಕೇಳುವ ಪ್ರಶ್ನೆ ಎರಡು: ನೂರು ವರ್ಷ ತುಂಬಿದೆಯೇ, ಚರಿತ್ರೆಯ ಅಥವಾ ಕಲೆಯ ದೃಷ್ಟಿಯಿಂದ ಮಹತ್ವವಿದೆಯೇ? ಒಳಗೆ ಮಲಗಿದವನು ಯಾರು, ಯಾಕೆ ಸತ್ತ ಎಂಬುದು ಅದರ ಪ್ರಶ್ನೆಯೇ ಅಲ್ಲ. ಕರ್ನಾಟಕದ 1961ರ ಕಾಯ್ದೆ, ತೆಲಂಗಾಣದ 2017ರ ಪರಂಪರೆ ಕಾಯ್ದೆ ರಾಜ್ಯಗಳ ಮಟ್ಟದಲ್ಲಿ ಇದೇ ಜಾಡಿನವು. ಸ್ಮಶಾನಕ್ಕೆ ಅತಿಕ್ರಮವಾಗಿ ನುಗ್ಗಿ ಅವಮಾನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 301ನೇ ಕಲಮಿನಡಿ ಜೈಲಾಗಬಹುದು. ಗೋರಿ ತಾನಾಗಿ ಕುಸಿದರೆ ಆ ಕಲಮಿಗೆ ಮಾಡಲು ಕೆಲಸವಿಲ್ಲ. ಸ್ಮಶಾನಗಳ ಉಸ್ತುವಾರಿ ಸಂವಿಧಾನದ ರಾಜ್ಯಪಟ್ಟಿಯಲ್ಲಿದೆ, ರಾಷ್ಟ್ರೀಯ ಮಹತ್ವದ ಸ್ಮಾರಕ ಕೇಂದ್ರಪಟ್ಟಿಯಲ್ಲಿದೆ. ಯುದ್ಧದಲ್ಲಿ ಸತ್ತವನ ಸಮಾಧಿ ಎರಡರ ನಡುವಿನ ಬದುವಿನಲ್ಲಿ ಬಿದ್ದಿದೆ.

ರಕ್ಷಿತ ಎಂಬ ಮುದ್ರೆ ಬಿದ್ದರೂ ಅಷ್ಟರಿಂದ ಏನೂ ಆಗುವುದಿಲ್ಲ ಎನ್ನಲು ಪುರಾವೆ ಸರ್ಕಾರದ ಕಡತದಲ್ಲೇ ಇದೆ. 2024ರ ಮಾರ್ಚಿನಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣೆ ಹದಿನೆಂಟು ಸ್ಮಾರಕಗಳನ್ನು ರಾಷ್ಟ್ರೀಯ ಪಟ್ಟಿಯಿಂದ ತೆಗೆಯಲು ಹೊರಟಿತು. ಅವು ಪತ್ತೆಯೇ ಇಲ್ಲ ಎಂಬುದು ಕಾರಣ. ಪಟ್ಟಿಯಲ್ಲಿದ್ದದ್ದರಲ್ಲಿ ಒಂದು ಝಾನ್ಸಿ ಜಿಲ್ಲೆಯ ಗನ್ನರ್ ಬರ್ಕಿಲ್ ಎಂಬುವನ ಗೋರಿ. ಅವನು ದಂಡನಾಯಕನಲ್ಲ, ನವಾಬನಲ್ಲ, ಒಬ್ಬ ತೋಪುಗಾರ. ಎಲ್ಲೋ ಒಬ್ಬ ಅಧಿಕಾರಿಗೆ ಯಾವತ್ತೋ ಮನಸ್ಸಾಗಿ ಇಂಥವನೊಬ್ಬನ ಗೋರಿಗೆ ಇಡೀ ದೇಶದ ರಕ್ಷಣೆ ಸಿಕ್ಕಿತ್ತು. ಗೋರಿ ಮಾಯವಾದ ಮೇಲೂ ಅದರ ರಕ್ಷಣೆ ಕಾಗದದ ಮೇಲೆ ಸುಭದ್ರವಾಗಿಯೇ ಇತ್ತು! 2013ರಲ್ಲಿ ಮಹಾಲೇಖಪಾಲರ ತಂಡ 1,655 ಸ್ಮಾರಕಗಳಿಗೆ ಖುದ್ದಾಗಿ ಹೋಗಿ ನೋಡಿ 92 ಕಾಣೆಯಾಗಿವೆ ಎಂದಿತ್ತು. ದೇಶದಲ್ಲಿ ಕೇಂದ್ರ ರಕ್ಷಿತ ಸ್ಮಾರಕಗಳು 3,600ಕ್ಕೂ ಹೆಚ್ಚು. ಅವುಗಳ ಪೈಕಿ ಕಾವಲುಗಾರರನ್ನು ಹಾಕಲು ಆಗಿರುವುದು 248 ಕಡೆ ಎಂದು 2022ರಲ್ಲಿ ಸಂಸದೀಯ ಸಮಿತಿಯೊಂದರ ವರದಿ ಹೇಳಿತು. ಉಳಿದೆಡೆ ಕಾವಲಿಗೆ ನಿಂತಿರುವುದು ನೀಲಿ ಬಣ್ಣದ ಒಂದು ತಗಡಿನ ಫಲಕ.

ಈಗ ಒಂಬೈನೂರ ಐವತ್ತರ ಸುಮಾರಿನ ಒಂದು ಕನ್ನಡ ಏರ್ಪಾಟನ್ನು ನೋಡಿ. ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲಿನಲ್ಲಿ 949ರ ತಕ್ಕೋಲದ ಯುದ್ಧದ ಸುದ್ದಿ ಇದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ಚೋಳ ರಾಜಾದಿತ್ಯನನ್ನು ಕೊಂದದ್ದು, ಬೂತುಗನ ಭಂಟ ಮಣಲೇರ ಮೆಚ್ಚುಗೆಯಾಗಿ ಕಾಳಿ ಎಂಬ ಬೇಟೆನಾಯಿಯನ್ನು ಬೇಡಿ ಪಡೆದದ್ದು, ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಿ ಎರಡೂ ಸತ್ತದ್ದು ಎಲ್ಲ ಅಲ್ಲಿದೆ. ನಾಯಿ ಹಂದಿಯ ಮೇಲೆ ಬಿದ್ದ ಚಿತ್ರವೂ ಇದೆ. ನಮ್ಮ ವಿಷಯಕ್ಕೆ ಬೇಕಾದದ್ದು ಇದಾವುದೂ ಅಲ್ಲ, ಕೊನೆಯಲ್ಲಿ ಬರುವ ಷರತ್ತು. ಕಲ್ಲಿನ ಹೆಸರಿನಲ್ಲಿ ಭೂಮಿ ಬಿಟ್ಟಿದ್ದಾರೆ. ಆ ಭೂಮಿಯನ್ನು ಉಣ್ಣುವ ಗೊರವ, ಅಂದರೆ ಶಿವಾಲಯದ ಪೂಜಾರಿ, ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ ನಾಯಿ ಮಾಡಿದ ಪಾಪ ಅವನಿಗೆ ತಗಲುತ್ತದೆ ಎಂದಿದ್ದಾರೆ. ಶಾಪವನ್ನು ಪಕ್ಕಕ್ಕಿಟ್ಟು ಒಳಗಿನ ಆಡಳಿತವನ್ನಷ್ಟೇ ನೋಡಿದರೆ ಅಲ್ಲಿ ಹೊಣೆಗಾರ ಗೊತ್ತು, ಅವನ ಸಂಬಳ ಎಲ್ಲಿಂದ ಎಂಬುದು ಗೊತ್ತು, ಕೆಲಸ ದಿನಕ್ಕೊಮ್ಮೆ ಎಂಬುದೂ ಗೊತ್ತು. ಮಾಡಿದನೇ ಇಲ್ಲವೇ ಎಂದು ಇಡೀ ಊರು ನೋಡಬಹುದು. ಕಾದಿ ಸತ್ತವನ ಮನೆಯವರಿಗೆ ನೆತ್ತರುಗೊಡಗೆ, ನಟ್ಟ ಕಲ್ಲಿಗೆ ಕಲ್ನಾಡು ಎಂದು ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಮಾತುಗಳ ಹಿಂದೆಯೂ ಇದೇ ತಿಳಿವಳಿಕೆ ಇದೆ. ನಾಯಿಯ ಕಲ್ಲಿಗೂ ಆಗ ಆಳಿದ್ದ ಎಂಬುದನ್ನು ಗನ್ನರ್ ಬರ್ಕಿಲ್‌ನ ಪಕ್ಕದಲ್ಲಿಟ್ಟು ಯೋಚಿಸಬೇಕು.

ಆಳಿದ್ದರಷ್ಟೇ ಕಲ್ಲು ಉಳಿಯುತ್ತದೆ ಎಂಬುದರ ಪರೀಕ್ಷೆ ಬೆಂಗಳೂರಿನಲ್ಲಿ ತಾನಾಗಿ ನಡೆದುಹೋಗಿದೆ. 1791ರ ಮಾರ್ಚಿನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಬೆಂಗಳೂರು ಕೋಟೆಯನ್ನು ಹಿಡಿಯಿತು. ಆ ಕಡೆ ಸತ್ತ ಅಧಿಕಾರಿಗಳಿಗೆ ಕೋಟೆಯ ಬಳಿ ಗೋರಿಗಳಾದವು. ಮುಂದೆ ಹೆಸರು ಕೆತ್ತಿದ ಎತ್ತರದ ಸ್ಮಾರಕಸ್ತಂಭವೂ ಎದ್ದಿತು, ಅದರ ಮುಂದಿನ ದಾರಿಗೆ ಸೆನೊಟಾಫ್ ರಸ್ತೆ ಎಂಬ ಹೆಸರೂ ಬಂತು. ಈಗ ಗೋರಿಗಳಿಲ್ಲ. ಸ್ತಂಭವನ್ನು 1964ರಲ್ಲಿ ನಗರಪಾಲಿಕೆಯೇ ಕೆಡವಿಸಿತು, ರಸ್ತೆ ನೃಪತುಂಗನ ಹೆಸರಿಗೆ ಬಂತು. ಈ ಕಡೆ, ಕೋಟೆಯನ್ನು ಕಾಯುತ್ತ ಸತ್ತ ಮುದಿ ಕಿಲ್ಲೇದಾರ ಬಹದ್ದೂರ್ ಖಾನ್. ಅವನದೆಂದು ಜನ ನಂಬುವ ಗೋರಿ ಕೃಷ್ಣರಾಜ ಮಾರುಕಟ್ಟೆಯ ಗದ್ದಲದ ನಡುವೆ ದರ್ಗಾ ಆಗಿ ನಿಂತಿದೆ. ಗೆದ್ದವರ ಸ್ತಂಭದ ಬೆನ್ನಿಗೆ ಒಂದು ಸಾಮ್ರಾಜ್ಯವಿತ್ತು, ಸೋತವನ ಬೆನ್ನಿಗೆ ಚಾದರ ಹೊದಿಸಿ ಊದುಬತ್ತಿ ಹಚ್ಚುವ ಕೈಗಳಿದ್ದವು.

ಪರಕೀಯರ ಸ್ತಂಭ ಹೋದರೆ ನಷ್ಟವೇನು ಎಂದು ಕೇಳುವವರಿದ್ದಾರೆ. ಆ ಕೋಪ ಅರ್ಥವಾಗದ್ದೇನಲ್ಲ. ಆದರೆ 1949ರ ಮೊದಲನೆಯ ಜಿನೀವಾ ಒಪ್ಪಂದದ 17ನೇ ವಿಧಿ ಶತ್ರುವಿನ ಸಮಾಧಿಯನ್ನೂ ಗೌರವಿಸಿ, ಗುರುತಿಟ್ಟು ಕಾಪಾಡಬೇಕು ಎನ್ನುತ್ತದೆ. ಭಾರತ 1960ರಲ್ಲಿ ಅದಕ್ಕಾಗಿಯೇ ಕಾಯ್ದೆಯನ್ನೂ ಮಾಡಿಕೊಂಡಿದೆ. 1791ರ ಗೋರಿಗೆ ಆ ವಿಧಿ ಅನ್ವಯಿಸದಿರಬಹುದು, ಅದರ ನ್ಯಾಯ ಅನ್ವಯಿಸುತ್ತದೆ. ಇನ್ನೊಂದು ಲೆಕ್ಕವೂ ಇದೆ: 1918ರಲ್ಲಿ ಹೈಫಾದ ಕಾಳಗಕ್ಕೆ ಹೋದ ಮೈಸೂರು ಮತ್ತು ಜೋಧಪುರ ಲ್ಯಾನ್ಸರ್‌ಗಳ ತುಕಡಿಗಳಲ್ಲಿ ಸತ್ತವರ ಮಣ್ಣು ಪರದೇಶದಲ್ಲಿದೆ. ನಮ್ಮವರ ಕಲ್ಲನ್ನು ಅಲ್ಲಿ ಒರೆಸುವವರು ಬೇಕೆಂದರೆ ಇಲ್ಲಿ ನಮ್ಮ ಕೈಯಲ್ಲೂ ಬಟ್ಟೆ ಇರಬೇಕಾಗುತ್ತದೆ.

ಹಾಗೆ ಒರೆಸುವ ಕೆಲಸವನ್ನೇ ಕಸುಬು ಮಾಡಿಕೊಂಡದ್ದು 1917ರಲ್ಲಿ ಹುಟ್ಟಿದ, ಈಗ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗ ಎನಿಸಿಕೊಂಡಿರುವ ಸಂಸ್ಥೆ. ಪುಣೆಯ ಕಿರ್ಕಿಯಲ್ಲಿ, ಚೆನ್ನೈಯಲ್ಲಿ ಅದರ ಹುಲ್ಲುಹಾಸು ನೋಡಿದವರಿಗೆ ವಿವರಣೆ ಬೇಡ. ಚೆನ್ನೈಯ ಆ ಸಮಾಧಿವನದಲ್ಲಿ ಮೊದಲ ಮಹಾಯುದ್ಧ ಕಾಲದ ಸಾವಿರಕ್ಕೂ ಹೆಚ್ಚು ಹೆಸರುಗಳ ಒಂದು ಗೋಡೆಯಿದೆ. ಅವರು ಅಲ್ಲಿ ಹೂತವರಲ್ಲ. ದೇಶದ ನಾನಾ ಊರುಗಳ, ದಂಡುಗಳ ಸ್ಮಶಾನಗಳಲ್ಲಿ ಇರುವವರು. ಅಲ್ಲೆಲ್ಲ ಶಾಶ್ವತವಾಗಿ ನೋಡಿಕೊಳ್ಳಲು ಆಗದು ಎಂದು ಆಯೋಗ ಒಪ್ಪಿಕೊಂಡು ಹೆಸರುಗಳನ್ನಾದರೂ ಆಳಿರುವ ಕಡೆಗೆ ತಂದಿತು. ಆಯೋಗ ಹಾಲಿನಲ್ಲಿ ತೊಳೆದದ್ದೇನಲ್ಲ: ಭಾರತೀಯರು, ಆಫ್ರಿಕನ್ನರು ಸೇರಿದಂತೆ ಕನಿಷ್ಠ 45 ಸಾವಿರ ಮಂದಿಯನ್ನು ಸರಿಸಮನಾಗಿ ಸ್ಮರಿಸಲಿಲ್ಲ ಎಂದು 2021ರಲ್ಲಿ ಅದರದೇ ವರದಿ ಹೇಳಿತು. ಆದರೂ ಅದು ಕಲಿಸುವ ಪಾಠ ಆತಕೂರಿನದೇ.

ಭಕ್ತರ ಕೈಗೇ ಬಿಟ್ಟರಾಗದೇ ಎಂದರೆ, ಅದಕ್ಕೆ ಉತ್ತರ ಹೈದರಾಬಾದಿನ ಮೂಸಾರಾಂಬಾಗ್‌ನಲ್ಲಿದೆ. ನಿಜಾಮನ ಫ್ರೆಂಚ್ ದಂಡನಾಯಕ ರೇಮಂಡ್ 1798ರಲ್ಲಿ ಸತ್ತ. ಹಿಂದೂಗಳಿಗೆ ಅವನು ಮೂಸಾ ರಾಮ, ಮುಸ್ಲಿಮರಿಗೆ ಮೂಸಾ ರಹೀಮ. ಅವನ ಗೋರಿಯಲ್ಲಿ ವರ್ಷಾವರ್ಷ ಉರುಸು ನಡೆಯುತ್ತಿತ್ತು. ಇಪ್ಪತ್ತನೆಯ ಶತಮಾನದ ನಡುವಿಗೆ ಆ ರೂಢಿ ನಿಂತಿತು, ಗೋರಿ ಸರ್ಕಾರದ ರಕ್ಷಿತ ಸ್ಮಾರಕವಾಯಿತು. 2001ರ ಅಕ್ಟೋಬರಿನ ಮಳೆಗೆ ಅಲ್ಲಿನ ಕಂಬಗಳ ಮಂಟಪ ಕುಸಿದುಬಿತ್ತು. ಆಮೇಲೆ ಮತ್ತೆ ಕಟ್ಟಿದರು, ನಿಜ. ಬಿದ್ದ ಮೇಲೆ ಕಟ್ಟುವುದಕ್ಕೆ ಬೇಕಾಗುವ ಹಣದಲ್ಲಿ ಎಷ್ಟು ವರ್ಷ ಗಿಡ ಕಿತ್ತು ಗಾರೆ ಮೆತ್ತಿಸಬಹುದಿತ್ತು! ಭಕ್ತಿಗೆ ಇನ್ನೊಂದು ದೋಷವೂ ಇದೆ. ಅದು ಕಲ್ಲನ್ನು ಉಳಿಸುತ್ತದೆ, ಮನುಷ್ಯನನ್ನು ಮರೆಸುತ್ತದೆ. ವೀರಗಲ್ಲು ವೀರಭದ್ರನಾಗಿ ಎಣ್ಣೆ ಕುಂಕುಮದಡಿ ಅಕ್ಷರ ಕಳೆದುಕೊಂಡದ್ದು ನಮ್ಮಲ್ಲಿ ಊರೂರ ಕಥೆ. ಹೆಸರನ್ನು ದಾಖಲೆಯಲ್ಲಿ ಇಡುವ ಕೆಲಸ ಸರ್ಕಾರದ್ದೇ ಆಗಬೇಕು.

ಇನ್ನುಳಿದ ಆಕ್ಷೇಪ ಜಮೀನಿನದು, ಅದೇ ಗಟ್ಟಿಯಾದದ್ದು. 2010ರ ತಿದ್ದುಪಡಿಯಿಂದ ಕೇಂದ್ರ ರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಕಟ್ಟಡ ನಿಷೇಧ, ಅದರಾಚೆ ಮತ್ತೆ 200 ಮೀಟರ್ ನಿರ್ಬಂಧ. ಗಚ್ಚಿಬೌಲಿಯಂಥ ಕಡೆ, ಗಜದ ಲೆಕ್ಕದಲ್ಲಿ ನೆಲ ಮಾರುವಲ್ಲಿ, ಪಾಯ ತೋಡುವಾಗ ಅಕ್ಷರವಿರುವ ಕಲ್ಲೊಂದು ಸಿಕ್ಕರೆ ಮಾಲೀಕ ಏನು ಮಾಡುತ್ತಾನೆ? ರಾತ್ರಿಯೊಳಗೆ ಜೆಸಿಬಿ ಕೆಲಸ ಮುಗಿಸಿರುತ್ತದೆ. ನಿಯಮ ಪೂರಾ ಅನ್ವಯಿಸುವುದೋ ಇಲ್ಲವೋ, ಭಯ ಅನ್ವಯಿಸುತ್ತದೆ. ಆದ್ದರಿಂದ ಮೂರಡಿ ವೀರಗಲ್ಲಿಗೆ ಗೋಲ್ಕೊಂಡಾ ಕೋಟೆಯ ಕಾನೂನು ಬೇಡ. ಹಗುರವಾದ, ಯಾರ ಮನೆಯನ್ನೂ ನಿಲ್ಲಿಸದ ಬೇರೊಂದು ದರ್ಜೆ ಬೇಕು. ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ರಸ್ತೆ ಬದಿಯ ಕಾಮಗಾರಿ ವೇಳೆ ಸಿಕ್ಕ ಕಿತ್ತಯ್ಯನ ಕಲ್ಲು, ಸುಮಾರು ಕ್ರಿ.ಶ. 750ರದ್ದು, ಉಳಿದದ್ದು ಹಾಗೆಯೇ. ಆಸಕ್ತರು ಓದಿಸಿದರು, ಬಡಾವಣೆಯವರು ತಮ್ಮ ಊರಿನ ಹಳಮೆಗೆ ಹಿಗ್ಗಿದರು, ಕಲ್ಲಿಗೊಂದು ಮಂಟಪವಾಯಿತು. ವಸ್ತುಸಂಗ್ರಹಾಲಯಕ್ಕೆ ಸಾಗಿಸುವುದೂ ಒಂದು ದಾರಿಯೇ. ಆತಕೂರಿನ ಕಲ್ಲು ಇಂದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕ್ಷೇಮವಾಗಿದೆ, ಆತಕೂರಿನಲ್ಲಿ ಅದಿಲ್ಲ ಅಷ್ಟೆ.

ಖರ್ಚಿನ ಮಾತು ಬಂದರೆ, ಬದುಕಿರುವ ಯೋಧನ ಪಿಂಚಣಿಯ ಮುಂದೆ ಸತ್ತವನ ಕಲ್ಲು ಎರಡನೆಯದು ಎಂಬುದರಲ್ಲಿ ವಾದವಿಲ್ಲ. ಆದರೆ ಇಲ್ಲಿ ಬೇಕಾದದ್ದು ಪೊರಕೆ, ಕುಡುಗೋಲು, ವರ್ಷಕ್ಕೊಮ್ಮೆ ಸುಣ್ಣದ ಗಾರೆ. ಸಿಮೆಂಟು ಬೇಡ, ಹಳೆಯ ಗಚ್ಚಿನ ಮೇಲೆ ಸಿಮೆಂಟು ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಮಗ್ಗುಲಿನ ಹಳೆಯ ಗಾರೆ, ಕಲ್ಲುಗಳೇ ಪುಡಿಯಾಗುತ್ತವೆ. ಪಂಚಾಯಿತಿ ಅಥವಾ ವಾರ್ಡಿಗೊಂದು ಪಟ್ಟಿ, ಕಲ್ಲಿನ ಫೋಟೊ, ಪಾಠ, ನೋಡಿಕೊಳ್ಳುವವನ ಹೆಸರು, ಅವನಿಗೊಂದು ಗೌರವಧನ. ಕಲ್ಲು ನಿಂತಿರುವ ಸರ್ವೆ ನಂಬರಿನ ಪಹಣಿಯಲ್ಲಿ, ಇತರೆ ಹಕ್ಕುಗಳು ಎಂಬ ಕಾಲಮಿನಲ್ಲಿ, ಬ್ಯಾಂಕಿನ ಸಾಲ ನಮೂದಾಗುವ ಜಾಗದಲ್ಲೇ ‘ವೀರಗಲ್ಲು, ಮೂರಡಿ’ ಎಂದು ಒಂದು ಸಾಲು ಬಂದರೆ ಮುಂದಿನ ಖರೀದಿದಾರನ ವಕೀಲನೇ ಅದನ್ನು ಮೊದಲು ಓದುತ್ತಾನೆ.