ಕುಂಕುಮದ ಕೆಂಪು ಮಂಕಾದರೆ...

ಬೆಳಿಗ್ಗೆ ಕನ್ನಡಿ ಮುಂದೆ ನಿಂತು ಕುಂಕುಮ ಇಟ್ಟುಕೊಳ್ತಿದ್ದೀರಿ. ಎಡಗಣ್ಣು ಹೊರಳಿಸಿದರೆ ಒಳಗೆ ನೋವು. ಬಲಗಣ್ಣು ಮುಚ್ಚಿ ನೋಡಿದರೆ ಕುಂಕುಮದ ಕೆಂಪೇ ಮಂಕು! ಟೀವಿ ಜಾಸ್ತಿ ನೋಡಿದ್ದಕ್ಕೆ ಅಂತ ಸುಮ್ಮನಾಗ್ತೀರಿ. ಕೆಲವು ವಾರಗಳಲ್ಲಿ ತಾನಾಗೇ ಸರಿಹೋಗುತ್ತೆ. ವರ್ಷ ಕಳೆದ ಮೇಲೆ ಕಾಲು ಜೋಮು ಹಿಡಿಯುತ್ತೆ. ಮನೆಯವರೆಲ್ಲ ಹಂಪಿಯ ಮಾತಂಗ ಬೆಟ್ಟ ಹತ್ತಿದರೆ ನೀವು ಕೆಳಗೇ ಕೂರಬೇಕಾಗುತ್ತೆ. ಕಣ್ಣಿಗೂ ಕಾಲಿಗೂ ಏನು ಸಂಬಂಧ ಅಂತೀರಾ? ಎರಡರ ಮೂಲ ಒಂದೇ ಇರಬಹುದು. ಅದರ ಹೆಸರು ಮಲ್ಟಿಪಲ್ ಸ್ಕ್ಲೆರೋಸಿಸ್, ಚುಟುಕಾಗಿ ಎಂಎಸ್. ಸಾಮಾನ್ಯವಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುವ ಈ ಕಾಯಿಲೆ ಗಂಡಸರಿಗಿಂತ ಹೆಂಗಸರಲ್ಲಿ ಎರಡು-ಮೂರು ಪಟ್ಟು ಹೆಚ್ಚು.

ಬೇಲಿಯೇ ಹೊಲ ಮೇಯ್ದಾಗ

ಮನೆಯ ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುತ್ತದಲ್ವೇ? ನಮ್ಮ ಮಿದುಳು, ಬೆನ್ನುಹುರಿಯ ನರತಂತುಗಳಿಗೂ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ರೋಗಾಣುಗಳ ಜೊತೆ ಹೋರಾಡಬೇಕಾದ ರಕ್ತದ ಟಿ ಮತ್ತು ಬಿ ಕೋಶಗಳು ದಾರಿ ತಪ್ಪಿ ಈ ಹೊದಿಕೆಯನ್ನೇ ಶತ್ರು ಅಂದುಕೊಂಡು ದಾಳಿ ಮಾಡುತ್ತವೆ. ಕಂಪ್ಲಿಯ ಭತ್ತದ ಗದ್ದೆಯವರ ಮಾತಿನಲ್ಲಿ ಹೇಳೋದಾದರೆ, ಬೇಲಿಯೇ ಎದ್ದು ಹೊಲ ಮೇಯ್ದಂತೆ! ಹೊದಿಕೆ ಹರಿದ ಕಡೆ ಸಂದೇಶ ಸರಿಯಾಗಿ ಸಾಗೋದಿಲ್ಲ. ದಾಳಿ ಕಣ್ಣಿನ ನರದ ಮೇಲಾದರೆ ದೃಷ್ಟಿ ಮಂಜು, ಬೆನ್ನುಹುರಿಯ ಮೇಲಾದರೆ ಕಾಲು ಜೋಮು.

ಕಾವಲುಗಾರ ದಾರಿ ತಪ್ಪೋದು ಯಾಕೆ? 2022ರಲ್ಲಿ ಒಂದು ದೊಡ್ಡ ಸುಳಿವು ಸಿಕ್ಕಿತು. ಅಮೆರಿಕದ ಒಂದು ಕೋಟಿಗೂ ಹೆಚ್ಚು ಸೈನಿಕರ ದಾಖಲೆ ಪರಿಶೀಲಿಸಿದಾಗ, ಎಪ್‌ಸ್ಟೀನ್-ಬಾರ್ ವೈರಸ್ ತಗುಲಿದ ನಂತರ ಎಂಎಸ್ ಅಪಾಯ ಸುಮಾರು 32 ಪಟ್ಟು ಏರುವುದು ಕಂಡುಬಂತು. ಈ ವೈರಸ್‌ನ ಒಂದು ಪ್ರೋಟೀನ್ ನಮ್ಮ ಮಿದುಳಿನ ಒಂದು ಪ್ರೋಟೀನನ್ನು ಹೋಲುತ್ತದೆ ಎಂಬುದೂ ಅದೇ ವರ್ಷ ಗೊತ್ತಾಯಿತು. ಹಾಗಂತ ಹೆದರಬೇಡಿ. ಈ ವೈರಸ್ ಬಹುತೇಕ ಎಲ್ಲರ ಮೈಯಲ್ಲೂ ಇದೆ, ಎಂಎಸ್ ಬರೋದು ಕೆಲವೇ ಮಂದಿಗೆ.

ಯಾರ ಕಡೆಯಿಂದ ಬಂತು?

ಸೊಸೆಗೆ ಎಂಎಸ್ ಅಂತ ಗೊತ್ತಾದ ಕೂಡಲೇ ಮನೆಯಲ್ಲಿ ಏಳುವ ಮೊದಲ ಮಾತು, 'ಇದು ನಿಮ್ಮ ವಂಶದಲ್ಲೇ ಇತ್ತಾ?' ಬೀಗರ ನಡುವೆ ಮನಸ್ತಾಪ ಶುರುವಾಗೋದೇ ಇಲ್ಲಿ.

ನಿಜ ಏನೆಂದರೆ, ಎಂಎಸ್‌ಗೆ ಒಂದೇ ಜೀನ್ ಕಾರಣವಲ್ಲ. 200ಕ್ಕೂ ಹೆಚ್ಚು ಸಣ್ಣ ಸಣ್ಣ ಜೀನ್ ವ್ಯತ್ಯಾಸಗಳು ಪತ್ತೆಯಾಗಿವೆ. ಬಹುಪಾಲು ರೋಗನಿರೋಧಕ ಶಕ್ತಿಗೇ ಸಂಬಂಧಿಸಿದವು. ಅವು ತಾಯಿಯಿಂದಲೂ ತಂದೆಯಿಂದಲೂ ಬಂದಿರುತ್ತವೆ, ಆರೋಗ್ಯವಾಗಿರೋರಲ್ಲೂ ಇರುತ್ತವೆ. ಎಲ್ಲಕ್ಕಿಂತ ಪ್ರಬಲವಾದದ್ದು ಎಚ್‌ಎಲ್‌ಎ-ಡಿಆರ್‌ಬಿ1*15:01. ಅದೂ ಅಪಾಯವನ್ನು ಸುಮಾರು ಮೂರು ಪಟ್ಟು ಏರಿಸುತ್ತೆ, ಅಷ್ಟೇ. ಒಂದೇ ಜೀನ್‌ಗಳಿರುವ ಅವಳಿಗಳನ್ನೇ ನೋಡಿ, ಒಬ್ಬರಿಗೆ ಎಂಎಸ್ ಇದ್ದರೆ ಇನ್ನೊಬ್ಬರಿಗೆ ಬರುವುದು ನೂರಕ್ಕೆ ಸುಮಾರು 25 ಜೋಡಿಗಳಲ್ಲಿ ಮಾತ್ರ. ತಾಯಿಗಿದ್ದರೆ ಮಗುವಿಗೆ ಬರುವ ಸಾಧ್ಯತೆ ನೂರಕ್ಕೆ ಎರಡರಷ್ಟು. ಹಾಗಾಗಿ ಯಾರ ಮನೆತನದ ಮೇಲೂ ಬೆರಳು ತೋರಿಸೋ ಹಾಗಿಲ್ಲ. ಎಂಎಸ್ ಇದ್ದವರು ತಾಯಿಯಾಗಬಹುದು. ಬಸುರಿನ ಕೊನೆಯ ಮೂರು ತಿಂಗಳಲ್ಲಿ ದಾಳಿಗಳು ಕಡಿಮೆಯಾಗುತ್ತವೆ, ಹೆರಿಗೆಯ ನಂತರದ ಮೂರು ತಿಂಗಳು ಮಾತ್ರ ಜೋಪಾನ. ಮಗು ಬೇಕು ಅನ್ನಿಸಿದರೆ ಮೊದಲೇ ವೈದ್ಯರ ಜೊತೆ ಮಾತಾಡಿ, ಔಷಧಿ ಬದಲಾಯಿಸಬೇಕಾಗಬಹುದು.

ನಮ್ಮಲ್ಲೂ ಇದೆಯಾ?

ಬಿಳಿಯರ ಕಾಯಿಲೆ ಅನ್ನೋ ಮಾತನ್ನು ಮಂಗಳೂರು ಸುಳ್ಳು ಮಾಡಿದೆ. ಅಲ್ಲಿನ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿಗಳು ಮಂಗಳೂರು ನಗರದಲ್ಲಿ ಮಾಡಿದ ಸಮೀಕ್ಷೆ 2014ರಲ್ಲಿ ಪ್ರಕಟವಾಯಿತು. ಲಕ್ಷಕ್ಕೆ ಸುಮಾರು ಎಂಟು ಜನರಲ್ಲಿ ಎಂಎಸ್ ಇತ್ತು. ಯೂರೋಪಿನಲ್ಲಿ ಕಂಡ ಜೀನ್‌ಗಳಲ್ಲಿ ಅನೇಕವು ನಮ್ಮವರಲ್ಲೂ ಪಾತ್ರ ವಹಿಸುತ್ತವೆ ಎಂಬುದಕ್ಕೂ ಈ ತಂಡದ ಅಧ್ಯಯನಗಳಲ್ಲಿ ಪುರಾವೆ ಸಿಕ್ಕಿತು.

ಬಿಸಿಲೂರಿನ ಮಾತು

ಹೊಸಪೇಟೆ, ಸಂಡೂರಿನ ಬೇಸಿಗೆ ನಿಮಗೆ ಗೊತ್ತೇ ಇದೆ. ಮೈ ಬಿಸಿಯಾದಾಗ ಎಂಎಸ್ ಇರುವವರಿಗೆ ಕಣ್ಣು ಮಂಜಾಗಬಹುದು, ಕಾಲು ಸೋಲಬಹುದು. ತಣ್ಣಗಾದ ಮೇಲೆ ಸರಿಹೋದರೆ ಅದು ಹೊಸ ದಾಳಿಯಲ್ಲ. 'ಸೋಮಾರಿತನ' ಅಂತ ಹಂಗಿಸಬೇಡಿ. ಅಡುಗೆಯನ್ನು ಬೆಳಗಿನ ತಂಪಿನಲ್ಲೇ ಮುಗಿಸಲಿ, ಮಧ್ಯಾಹ್ನ ವಿಶ್ರಾಂತಿ ಇರಲಿ.

ಇವು ನೆನಪಿರಲಿ

* ಒಂದು ಕಣ್ಣು ನೋವಿನೊಂದಿಗೆ ಮಂಜಾದರೆ, ಅರ್ಧ ಮೈ ಅಥವಾ ಕಾಲಿನ ಜೋಮು ದಿನವಿಡೀ ಬಿಡದಿದ್ದರೆ, ಕತ್ತು ಬಗ್ಗಿಸಿದಾಗ ಬೆನ್ನಿನಲ್ಲಿ ಕರೆಂಟ್ ಹೊಡೆದಂತಾದರೆ ತಡಮಾಡದೆ ವೈದ್ಯರಿಗೆ ತೋರಿಸಿ.

* ಎಲ್ಲ ಜೋಮೂ ಎಂಎಸ್ ಅಲ್ಲ. ಬಿ12 ಕೊರತೆ, ಸಕ್ಕರೆ ಕಾಯಿಲೆಯಿಂದಲೂ ಬರುತ್ತೆ. ರಕ್ತ ಪರೀಕ್ಷೆ, ಎಂಆರ್‌ಐ ನಂತರವೇ ತೀರ್ಮಾನ.

* ಎನ್‌ಎಂಒ ಎಂಬ ಇನ್ನೊಂದು ಕಾಯಿಲೆ ಎಂಎಸ್‌ನಂತೆಯೇ ಕಾಣುತ್ತೆ. ಕೆಲವು ಎಂಎಸ್ ಔಷಧಿಗಳು ಅದನ್ನು ಉಲ್ಬಣಿಸುತ್ತವೆ. ಹಾಗಾಗಿ ಅಕ್ವಾಪೊರಿನ್-4 ಪ್ರತಿಕಾಯದ ಪರೀಕ್ಷೆ ಬೇಕೇ ಅಂತ ತಪ್ಪದೆ ಕೇಳಿ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಂಗಳೂರು. ಅಲ್ಲಿನ ನಿಮ್ಹಾನ್ಸ್‌ನಲ್ಲಿ ನರರೋಗ ತಜ್ಞರಿದ್ದಾರೆ.

* 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎಂಎಸ್ ಸೇರಿದೆ. ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬಹುದು.

ಎಂಎಸ್ ಪೂರ್ತಿ ವಾಸಿಯಾಗದಿದ್ದರೂ ದಾಳಿಗಳನ್ನು ತಗ್ಗಿಸುವ ಔಷಧಿಗಳು ಇವೆ. ಬೇಗ ಶುರುಮಾಡಿದಷ್ಟೂ ಒಳ್ಳೇದು. ಮುಂದಿನ ಸಲ ಮನೆಯಲ್ಲಿ ಯಾರಾದರೂ 'ಕಣ್ಣು ಮಂಜು' ಅಂದರೆ, ಕಣ್ಣಿಗೆ ಹನಿ ಹಾಕೋ ಮೊದಲು ಒಂದು ಕಣ್ಣು ಮುಚ್ಚಿಸಿ ಕೇಳಿ: ಕುಂಕುಮ ಕೆಂಪಗೆ ಕಾಣ್ತಿದೆಯಾ?